ತವರಿನ ಗಿಡ, ಕೊಡಗಿನ ಗಿಡ

ಕೇಳುಗರಿಗೆ ನಮಸ್ಕಾರ.

ಸೋಮವಾರಪೇಟೆ ಕಡೆಯ ಒಂದು ತೋಟದ ಬೇಲಿಯ ಆಚೆ ಲಂಟಾನದ ಪೊದೆ ಆಳೆತ್ತರಕ್ಕೆ ಬೆಳೆದು ನಿಂತಿದೆ. ಬೇಲಿಯ ಈಚೆ, ಅದೇ ಮಣ್ಣಿನಲ್ಲಿ, ಅದೇ ಮಳೆಯಲ್ಲಿ ನೆನೆದ ಅರೇಬಿಕಾ ಕಾಫಿ ಗಿಡವೊಂದು ಎಲೆ ಹಳದಿಯಾಗಿ ಬಾಡುತ್ತಿದೆ. ಎರಡೂ ಕೊಡಗಿನವಲ್ಲ. ಲಂಟಾನ ಅಮೆರಿಕದ ಉಷ್ಣವಲಯದ್ದು, ಅರೇಬಿಕಾ ಇಥಿಯೋಪಿಯದ ನೈರುತ್ಯದ ಬೆಟ್ಟಗಾಡಿನದು. ಹೀಗೆ ತವರು ಬಿಟ್ಟು ಬಂದವುಗಳಲ್ಲಿ ಒಂದು ಹಬ್ಬುವುದೇಕೆ, ಇನ್ನೊಂದು ನರಳುವುದೇಕೆ ಎಂದು ತಿಳಿಯಬೇಕಾದರೆ ಅವುಗಳ ತವರಿನ ಬಳಗವನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ತವರಿನಲ್ಲಿ ಪ್ರತಿಯೊಂದು ಗಿಡಕ್ಕೂ ಹಳೆಯ ಹಗೆಗಳಿರುತ್ತವೆ: ಎಲೆ ತಿನ್ನುವ ಹುಳು, ಬೀಜ ಕೊರೆಯುವ ಕೀಟ, ಬೇರು ಕೊಳೆಸುವ ಶಿಲೀಂಧ್ರ. ಬೀಜವಾಗಿ ಕಡಲು ದಾಟಿದ ಗಿಡ ಇವುಗಳಲ್ಲಿ ಹೆಚ್ಚಿನವನ್ನು ಹಿಂದೆಯೇ ಬಿಟ್ಟು ಬರುತ್ತದೆ. ಯುರೋಪಿನಿಂದ ಅಮೆರಿಕಕ್ಕೆ ಹೋಗಿ ನೆಲೆಯೂರಿದ 473 ಸಸ್ಯಜಾತಿಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೊಸ ನೆಲದಲ್ಲಿ ಅವುಗಳಿಗೆ ತಗಲುವ ಶಿಲೀಂಧ್ರಗಳು ತವರಿಗಿಂತ ಸರಾಸರಿ ಶೇಕಡಾ 84ರಷ್ಟು ಕಡಿಮೆ, ವೈರಸ್‌ಗಳು ಶೇಕಡಾ 24ರಷ್ಟು ಕಡಿಮೆ. ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ಸೊಕ್ಕಿ ಬೆಳೆಯುತ್ತದೆಂದು ತಿಳಿಯಬಾರದು. ಎಂಟು ದೇಶಗಳ 39 ಹುಲ್ಲುಗಾವಲುಗಳಲ್ಲಿ 26 ಜಾತಿಗಳನ್ನು ತವರಿನಲ್ಲೂ ಪರನೆಲದಲ್ಲೂ ಅಳೆದು ನೋಡಿದಾಗ ಹೆಚ್ಚಿನವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವೆಂದು 2011ರಲ್ಲಿ ವರದಿಯಾಯಿತು. ನಮ್ಮ ಕಣ್ಣಿಗೆ ಬೀಳುವುದು ಹಬ್ಬಿದ ಗಿಡಗಳು ಮಾತ್ರ. ಬಂದು ತೆಪ್ಪಗೆ ಮೂಲೆಯಲ್ಲಿ ಕುಳಿತವುಗಳ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ಲಂಟಾನದ ವಿಷಯದಲ್ಲಿ ಹೋಲಿಕೆಯೇ ತೊಡಕಿನದು. ತವರಿನಲ್ಲಿ ಅದು ಹಲವು ಕೀಟಗಳಿಗೆ ಆಹಾರವಾಗುತ್ತ, ಅಲ್ಲಲ್ಲಿ ಪೊದೆಯಾಗಿ ಬೆಳೆಯುವ ಗಿಡ. ಆದರೆ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಗೆ ಬಂದದ್ದು ಉದ್ಯಾನದ ಅಲಂಕಾರದ ಗಿಡ. ಯುರೋಪಿನ ಹೂದೋಟಗಳಲ್ಲಿ ಬಣ್ಣಕ್ಕಾಗಿ ಬೆರಕೆ ಮಾಡಿದ ತಳಿಗಳು ಇಂದು ನಾಡಿನಾದ್ಯಂತ ಹಬ್ಬಿರುವ ಲಂಟಾನದ ಹಿಂದಿವೆ. ಅಂದಮೇಲೆ ನಾಗರಹೊಳೆಯಲ್ಲಿರುವ ಲಂಟಾನಕ್ಕೆ ಸರಿಸಮನಾದ ಗಿಡ ತವರಿನ ಕಾಡಿನಲ್ಲಿಯೂ ಇಲ್ಲವೆನ್ನಬೇಕು. ಅದನ್ನು ಹತೋಟಿಗೆ ತರಲು ಎಲೆಯ ರಸ ಹೀರುವ ಒಂದು ತಿಗಣೆಯನ್ನು 1941ರಲ್ಲಿ ಡೆಹ್ರಾಡೂನಿಗೆ ತರಿಸಲಾಯಿತು. ಆದರೂ ಪೊದೆ ಅಳಿಯಲಿಲ್ಲ.

ಕಾಫಿಯ ಕತೆ ಇದಕ್ಕೆ ತಿರುವುಮುರುವು. ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ತೋಟ ಎದ್ದದ್ದು 1854ರಲ್ಲಿ. 1860ರ ದಶಕ ಕಳೆಯುವಷ್ಟರಲ್ಲಿ ಕೊಡಗಿನ ತೋಟಗಳು ಕಾಂಡಕೊರಕದಿಂದ ತತ್ತರಿಸಿದ್ದವು. ತೋಟದವರು ಬೋರರ್ ಎಂದು ಕರೆಯುವ ಈ ಕೀಟ ಇಥಿಯೋಪಿಯದಿಂದ ಬಂದುದಲ್ಲ, ನಮ್ಮ ಏಷ್ಯಾದ್ದೇ. ಅರೇಬಿಕಾ ತನ್ನ ತವರಿನಲ್ಲಿ ಎಂದೂ ಕಂಡಿರದ ಹಗೆ ಇಲ್ಲಿ ಕಾದು ಕುಳಿತಿತ್ತು. ಬಾಡಿದ ಗಿಡದ ಕಾಂಡದ ಮೇಲೆ ಕೈಯಾಡಿಸಿದರೆ ಉಬ್ಬಿದ ಗೆರೆಗಳು ಬೆರಳಿಗೆ ಸಿಗುತ್ತವೆ. ಕಿತ್ತು ಕತ್ತಿಯಿಂದ ಸೀಳಿದರೆ ಒಳಗೆ ಸುತ್ತಿ ಬಳಸಿ ಹೋದ ಸುರಂಗ, ಅದರ ತುಂಬ ಗಟ್ಟಿಯಾಗಿ ಜಡಿದ ಹೊಟ್ಟು, ಕೊನೆಯಲ್ಲಿ ತಲೆಯ ಕಡೆ ದಪ್ಪಗಿರುವ ಬಿಳಿಯ ಹುಳು. ನೆರಳು ತೆಳುವಾದ ಕಡೆ ಇದರ ಹಾವಳಿ ಹೆಚ್ಚು. ಕಾಡಿನ ದೊಡ್ಡ ಮರಗಳ ಅಡಿಯಲ್ಲಿ ಬಾಳಿದ ಗಿಡವನ್ನು ಬಿಸಿಲಿಗೆ ತಂದು ನಿಲ್ಲಿಸಿದವರು ನಾವೇ ಎಂಬುದನ್ನು ಇಲ್ಲಿ ನೆನೆಯಬೇಕು.

ಹಳೆಯ ಹಗೆಗಳೂ ಬಹುಕಾಲ ಹಿಂದೆ ಉಳಿಯಲಿಲ್ಲ. ಎಲೆ ತುಕ್ಕು ರೋಗ 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಬೇಗನೆ ಇಲ್ಲಿಗೂ ಬಂತು. ಆಫ್ರಿಕಾದ ಕಾಯಿಕೊರಕ ಭಾರತದಲ್ಲಿ ಪತ್ತೆಯಾದದ್ದು 1990ರಲ್ಲಿ. ಇಥಿಯೋಪಿಯದ ಕಾಡಿನಲ್ಲಿಯೂ ತುಕ್ಕು ಇದೆ, ಆದರೆ ಅಲ್ಲಿ ಒಂದು ಗಿಡದಂತೆ ಇನ್ನೊಂದಿಲ್ಲ. ಹೊರಗೆ ಬಂದದ್ದು ಹಿಡಿಯಷ್ಟು ಬೀಜದ ಸಂತತಿಯಾದ್ದರಿಂದ ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದು ನಮ್ಮ ಹಿರಿಯರು ನೆಚ್ಚಿದ ಎಸ್. 795 ಎಂಬ ಅರೇಬಿಕಾ ತಳಿಯ ರೋಗ ತಡೆಯುವ ಶಕ್ತಿಯ ಮೂಲವೂ ಆಫ್ರಿಕಾದ ಇನ್ನೊಂದು ಕಾಫಿಯೇ. ಅದರಲ್ಲಿ ಲೈಬೀರಿಕಾದ ಅಂಶ ಸೇರಿದೆ. ಹಾಗಾದರೆ ಕಾಫಿ ಎಲ್ಲಿ ಚೆನ್ನಾಗಿದೆ? ಕಾಯಿಯ ತೂಕ ನೋಡಿದರೆ ಕೊಡಗಿನಲ್ಲಿ, ಏಕೆಂದರೆ ಕಾಡಿನ ದಟ್ಟ ನೆರಳಿನ ಗಿಡ ಕೊಡುವ ಕಾಯಿ ಬಹಳ ಕಡಿಮೆ. ಆದರೆ ಆ ಗಿಡ ಗೊಬ್ಬರ, ಔಷಧಿ, ಕಪಾತು ಇಲ್ಲದೆ ಬಾಳಿ, ತಾನಾಗಿಯೇ ಮರಿ ಹಾಕುತ್ತದೆ. ಯಾವ ಅಳತೆಗೋಲು ಹಿಡಿದಿದ್ದೇವೆ ಎಂದು ಹೇಳದೆ ಎರಡನ್ನು ಹೋಲಿಸುವುದರಲ್ಲಿ ಅರ್ಥವಿಲ್ಲವೆಂದು ನನಗೆ ತೋರುತ್ತದೆ.

ಮೆಣಸಿನ ಬಳ್ಳಿಗೆ ಆಸರೆಯಾದ ಸಿಲ್ವರ್ ಮರವೂ ಪೂರ್ವ ಆಸ್ಟ್ರೇಲಿಯದಿಂದ ಬಂದದ್ದು. ಅಲ್ಲಿ ತಾಯಿಮರದ ಬುಡದಲ್ಲಿ ಅದರ ಸಸಿ ಏಳುವುದು ಕಷ್ಟ. ಇಲ್ಲಿ ನಾವು ನರ್ಸರಿಯಲ್ಲಿ ಬೆಳೆಸಿ ನೆಡುತ್ತಿರುವುದರಿಂದ ಅದರ ಆ ಕಷ್ಟ ತಪ್ಪಿದೆ.

ಕೊನೆಯದಾಗಿ ಕಾಫಿಯ ಇನ್ನೊಂದು ಜಾತಿ, ರೊಬಸ್ಟಾ. ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಈ ಗಿಡದಲ್ಲಿ ಕಾಂಡಕೊರಕಕ್ಕೆ ನೆಲೆ ಸಿಗುವುದಿಲ್ಲ. ಆನೆಮಲೆಯ ವಾಲ್ಪಾರೈ ಸುತ್ತಲಿನ ಕಾಡಿನ ತುಣುಕುಗಳಲ್ಲಿ ಅದು ತೋಟ ಬಿಟ್ಟು ಒಳಗೆ ಹಬ್ಬಿರುವುದು ಈಗಾಗಲೇ ದಾಖಲಾಗಿದೆ. ಕಳೆದ ಮಳೆಗಾಲದಲ್ಲಿ ನಮ್ಮೂರಿನ ದೇವರಕಾಡಿನ ಅಂಚಿನಲ್ಲಿ, ಪುನುಗು ಬೆಕ್ಕು ಹಿಕ್ಕೆ ಹಾಕಿದ್ದ ಜಾಗದಲ್ಲಿ, ಬೀಜದ ಸಿಪ್ಪೆಯನ್ನು ಇನ್ನೂ ತಲೆಯ ಮೇಲೆ ಹೊತ್ತ ಹನ್ನೊಂದು ರೊಬಸ್ಟಾ ಸಸಿಗಳನ್ನು ಎಣಿಸಿದೆ. ಈ ವರ್ಷ ಮತ್ತೆ ಹೋಗಿ ನೋಡಬೇಕೆಂದಿದ್ದೇನೆ.

ನಮಸ್ಕಾರ.