ಗ್ರಹ ಎಂಟೋ, ಒಂಬತ್ತೋ?

ಕೇಳುಗರಿಗೆಲ್ಲ ನಮಸ್ಕಾರ. ನಾನು ಶಾಲೆಯೊಂದರ ಟೀಚರ್ ಲೈಬ್ರರಿಯನ್, ಅಂದರೆ ಟೀಚರ್‌ಗಳ ಜೊತೆ ಸೇರಿ ಪಾಠಕ್ಕೂ ನೆರವಾಗುವ ಲೈಬ್ರರಿಯನ್.

ಆರನೇ ತರಗತಿಯ ಹುಡುಗಿಯೊಬ್ಬಳು ಎರಡು ಪುಸ್ತಕ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಒಂದರಲ್ಲಿ ಗ್ರಹಗಳು ಒಂಬತ್ತು ಅಂತಿದೆ, ಇನ್ನೊಂದರಲ್ಲಿ ಎಂಟು. "ಮಿಸ್, ಇದ್ರಲ್ಲಿ ಯಾವುದು ತಪ್ಪು?" ಎಂದು ಕೇಳಿದಳು.

ಉತ್ತರ ಹೇಳಿ ಕಳಿಸಬಹುದಿತ್ತು. ಆದರೆ ನಾನು ಎರಡೂ ಪುಸ್ತಕಗಳಲ್ಲಿ ಹೆಸರಿನ ಪುಟದ ಹಿಂಬದಿಯನ್ನು ತೆರೆದು ಅವಳ ಮುಂದಿಟ್ಟೆ. ಸಣ್ಣ ಅಕ್ಷರದಲ್ಲಿ ಅಚ್ಚಾದ ವರ್ಷ ಇರುತ್ತದಲ್ವಾ, ಆ ಪುಟ. ಒಂದರಲ್ಲಿ 1998, ಇನ್ನೊಂದರಲ್ಲಿ 2011. ನಡುವೆ, 2006ರ ಆಗಸ್ಟ್‌ನಲ್ಲಿ, ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಯಾವುದನ್ನು ಗ್ರಹ ಅನ್ನಬೇಕು ಅಂತ ಹೊಸದಾಗಿ ತೀರ್ಮಾನಿಸಿ, ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿತ್ತು. ಇದನ್ನು ಹೇಳಿದೆ. ಅವಳು ಎರಡೂ ವರ್ಷಗಳ ಮೇಲೆ ಬೆರಳಿಟ್ಟು ನೋಡಿದಳು. "ಹಾಗಾದ್ರೆ ಇದನ್ನ ಬರೆದಾಗ ಇದೂ ಸರಿನೇ ಇತ್ತು" ಅಂದಳು.

ಆ ಮಧ್ಯಾಹ್ನ ಎರಡೂ ಪುಸ್ತಕ ತಗೊಂಡು ನಾನು ಸ್ಟಾಫ್ ರೂಮಿಗೆ ಹೋದೆ. ವಿಜ್ಞಾನದ ಟೀಚರ್ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದರು. ನಡೆದದ್ದನ್ನು ಹೇಳಿದೆ. "ನಿಮ್ಮ ಸೌರಮಂಡಲದ ಪಾಠ ಯಾವಾಗ ಬರುತ್ತೆ ಮೇಡಂ? ಒಂದು ಪಿರಿಯಡ್ ನಾವಿಬ್ಬರೂ ಸೇರಿ ಮಾಡೋಣ್ವಾ?" ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟು, ಡೈರಿ ತೆಗೆದರು.

ಟೀಚರ್ ಲೈಬ್ರರಿಯನ್ ಆಗಿ ನನ್ನ ಮುಂದಾಳುತನ ಶುರುವಾಗಿದ್ದು ಆ ಪ್ರಶ್ನೆಯಿಂದ ಅಂತ ನನಗೆ ಈಗ ಖಾತ್ರಿಯಾಗಿದೆ. ಅದಕ್ಕೆ ಮೊದಲು ಪ್ರಯತ್ನವನ್ನೇ ಮಾಡಿರಲಿಲ್ಲ ಅಂತಲ್ಲ. ಕೆಲಸಕ್ಕೆ ಸೇರಿದ ವರ್ಷವೇ, ಲೈಬ್ರರಿಯಿಂದ ಟೀಚರ್‌ಗಳಿಗೆ ಏನೇನು ಸಿಗುತ್ತದೆ ಎಂದು ಉದ್ದನೆಯ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಒಬ್ಬರೂ ಬರಲಿಲ್ಲ. ತುಂಬ ನೊಂದುಕೊಂಡೆ. ಅವರಿಗೆ ಓದಿನ ಬಗ್ಗೆ ಆಸಕ್ತಿಯೇ ಇಲ್ಲ ಅಂತ ಅಂದುಕೊಂಡೆ. ಅದು ತಪ್ಪು ತೀರ್ಮಾನ. ಅವರ ಕೈಯಲ್ಲಿ ಮುಗಿಸಬೇಕಾದ ಪಾಠಗಳಿದ್ದವು, ನನ್ನ ಪಟ್ಟಿಯಲ್ಲಿ ಅವರ ಒಂದು ಪಾಠದ ಹೆಸರೂ ಇರಲಿಲ್ಲ.

ಶಾಲಾ ಗ್ರಂಥಾಲಯಗಳಿಗಾಗಿ ಇಫ್ಲಾ, ಅಂದರೆ ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ, 2015ರಲ್ಲಿ ಪರಿಷ್ಕೃತ ಮಾರ್ಗಸೂಚಿ ಹೊರತಂದಿತು. ಅದರಲ್ಲಿ ಲೈಬ್ರರಿಯನ್ ಮಾಡಬೇಕಾದ ಕೆಲಸಗಳನ್ನು ಹೇಳುವಾಗ ಮುಂದಾಳುತನವನ್ನೂ ಜೊತೆಗೂಡಿ ಕೆಲಸ ಮಾಡುವುದನ್ನೂ ಒಂದೇ ತಲೆಬರಹದ ಕೆಳಗೆ ಇಟ್ಟಿದ್ದಾರೆ. ನನಗೆ ಅದು ಬಹಳ ಹಿಡಿಸಿತು. ನಮ್ಮ ಕೈಕೆಳಗೆ ಯಾವ ಟೀಚರೂ ಇಲ್ಲ. ಆಜ್ಞೆ ಮಾಡುವ ಅಧಿಕಾರ ನಮಗಿಲ್ಲ. ಆದರೆ ಎಲ್ಲ ತರಗತಿಯ ಮಕ್ಕಳನ್ನೂ, ಎಲ್ಲ ವಿಷಯಗಳನ್ನೂ ವರ್ಷವಿಡೀ ಒಟ್ಟಿಗೆ ನೋಡುವವರು ಶಾಲೆಯಲ್ಲಿ ಎಷ್ಟು ಜನ? ಮುಖ್ಯ ಶಿಕ್ಷಕರು ಮತ್ತು ನಾವು.

ಇನ್ನೊಂದು ವಿಷಯ ಹೇಳಲೇಬೇಕು. ಟೀಚರ್ ಕೆಲಸದಿಂದ ಲೈಬ್ರರಿಗೆ ಬಂದವರಿಗೆ ಮೊದಮೊದಲು ಒಂಟಿ ಅನ್ನಿಸುತ್ತದೆ. ಎಸ್. ಆರ್. ರಂಗನಾಥನ್ ಅವರಿಗೂ ಹಾಗೇ ಆಗಿತ್ತು. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಆ ಒಂಟಿತನ ತಡೆಯಲಾರದೆ ಸ್ವಲ್ಪ ದಿನದಲ್ಲೇ ಪಾಠ ಹೇಳುವ ಕೆಲಸಕ್ಕೇ ಮರಳುತ್ತೇನೆ ಅಂದರು. ಲಂಡನ್ನಿಗೆ ಹೋಗಿ ಅಲ್ಲಿನ ಲೈಬ್ರರಿಗಳನ್ನು ನೋಡಿ ಬಂದ ಮೇಲೆ ಮನಸ್ಸು ಬದಲಾಯಿತು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಅವರು ಪ್ರಕಟಿಸಿದ್ದು 1931ರಲ್ಲಿ. ಪುಸ್ತಕ ಇರುವುದು ಬಳಸುವುದಕ್ಕೆ, ಇದು ಮೊದಲ ಸೂತ್ರ. ಬೀಗ ಹಾಕಿದ ಬೀರುಗಳನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಸೌರಮಂಡಲದ ಪಿರಿಯಡ್ ಚೆನ್ನಾಗಿ ಆಯಿತು. ಬಾಯಿಂದ ಬಾಯಿಗೆ ಹೋಗಿ ಸಮಾಜದ ಟೀಚರೂ ಬಂದರು. ಆಗ ಬೇರೆಯದೇ ಒಂದು ತೊಡಕು ಕಾಣಿಸಿತು. ಮಕ್ಕಳಿಗೆ ಪ್ರಾಜೆಕ್ಟ್ ಕೊಡುತ್ತಿದ್ದರು. ವಿಷಯ ಹೇಳಿದ ದಿನ ಮಕ್ಕಳಿಗೆ ಹುಮ್ಮಸ್ಸು. ಮೂರನೇ ದಿನ ಲೈಬ್ರರಿಗೆ ಬಂದು, "ಏನೂ ಸಿಗ್ತಿಲ್ಲ ಮಿಸ್" ಅಂತ ಮುಖ ಸಣ್ಣ ಮಾಡುತ್ತಿದ್ದರು. ಕೊನೆಗೆ ಎಲ್ಲೋ ಸಿಕ್ಕಿದ್ದನ್ನು ಹಾಗೇ ಬರೆದು ಕೊಡುತ್ತಿದ್ದರು. ಸೋಮಾರಿಗಳು ಅಂತ ಟೀಚರ್‌ಗೆ ಬೇಸರ.

ಕ್ಯಾರೊಲ್ ಕುಲ್ತೌ ಎಂಬುವರು ಶಾಲೆಯಲ್ಲಿ ಲೈಬ್ರರಿಯನ್ ಆಗಿದ್ದವರು. 1980ರ ದಶಕದಲ್ಲಿ ಹೈಸ್ಕೂಲ್ ಮಕ್ಕಳು ಮಾಹಿತಿ ಹುಡುಕುವಾಗ ಏನು ಯೋಚಿಸುತ್ತಾರೆ, ಅವರಿಗೆ ಏನನ್ನಿಸುತ್ತದೆ ಅನ್ನುವುದನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ವಿಷಯ ಆರಿಸಿಕೊಂಡಾಗ ಮಕ್ಕಳಿಗೆ ಧೈರ್ಯ ಇರುತ್ತದೆ. ಓದುತ್ತಾ ಹೋದಂತೆ ಗೊಂದಲ ಜಾಸ್ತಿಯಾಗುತ್ತದೆ. ಒಂದು ಪುಸ್ತಕದ ಮಾತು ಇನ್ನೊಂದಕ್ಕೆ ಹೊಂದುವುದಿಲ್ಲ. ಅದನ್ನು ದಾಟಿದ ಮೇಲಷ್ಟೇ ತನ್ನದು ಅನ್ನುವ ಪ್ರಶ್ನೆ ಹುಟ್ಟುತ್ತದೆ. ಅಂದರೆ ಮೂರನೇ ದಿನದ ಆ ಸಣ್ಣ ಮುಖ ಕಲಿಕೆಯದೇ ಒಂದು ಹಂತ. ಮಗು ಕೈಬಿಡುವುದೂ ಅಲ್ಲೇ, ನಾವು ಹತ್ತಿರ ಇರಬೇಕಾದದ್ದೂ ಅಲ್ಲೇ.

ಇದನ್ನು ನಾನು ಟೀಚರ್‌ಗಳ ಮೀಟಿಂಗಿನಲ್ಲಿ ಹೇಳಿದೆ. ಕೈ ನಡುಗುತ್ತಿತ್ತು. ಆದರೂ ಹೇಳಿದೆ. ಪ್ರಾಜೆಕ್ಟ್ ನಡುವೆ ಒಂದು ಪಿರಿಯಡ್ ಲೈಬ್ರರಿಗೆ ಕೊಡಿ, ಅವತ್ತು ಬರೆಯುವುದು ಬೇಡ, ಮಕ್ಕಳು ಬರೀ ತಮ್ಮ ಪ್ರಶ್ನೆ ಹೇಳಲಿ ಎಂದು ಕೇಳಿಕೊಂಡೆ. ಇಬ್ಬರು ಒಪ್ಪಿದರು. ಇಬ್ಬರು ಸಾಕಿತ್ತು.

ಹಣ ಕೇಳುವ ರೀತಿಯೂ ಆಮೇಲೆ ಬದಲಾಯಿತು. ಸುಮ್ನೆ "ಪುಸ್ತಕ ಬೇಕು" ಅಂತ ಅರ್ಜಿ ಬರೆಯುವುದನ್ನು ಬಿಟ್ಟೆ. ಜಲಚಕ್ರದ ಪಾಠ ಯಾವ ತಿಂಗಳು ಬರುತ್ತದೆ, ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಆ ವಿಷಯದ ಪುಸ್ತಕ ನಮ್ಮಲ್ಲಿ ಎಷ್ಟಿವೆ, ಅವು ಯಾವ ವರ್ಷದವು, ಒಂದೇ ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

ಹೊಸ ಪುಸ್ತಕ ಬಂದರೆ ಹಳೆಯದನ್ನು ತೆಗೆಯಬೇಕಾಗುತ್ತದೆ. ಮನಸ್ಸಿಗೆ ಕಷ್ಟದ ಕೆಲಸ ಇದು. ಹಳಸಿದ ಮಾಹಿತಿ ಮಗುವಿನ ಕೈಗೆ ಹೋಗಬಾರದು, ಹಾಗಾಗಿ ಮಾಡಲೇಬೇಕು. ಯಾವುದನ್ನು ತೆಗೆಯಬೇಕು ಎಂದು ಒಬ್ಬಳೇ ತೀರ್ಮಾನಿಸದೆ, ಆಯಾ ವಿಷಯದ ಟೀಚರ್‌ಗಳನ್ನು ಕರೆದು ಮೇಜಿನ ಸುತ್ತ ಕೂರಿಸಿದೆ. ವಿಜ್ಞಾನದ ಸಾಲಿನಲ್ಲಿ ಆ 1998ರ ಪುಸ್ತಕ ಬಂತು. ಬೆನ್ನು ಕಿತ್ತುಹೋಗಿತ್ತು, ಹಿಂಬದಿಗೆ ಅಂಟಿಸಿದ ದಿನಾಂಕದ ಚೀಟಿ ಹಳದಿಯಾಗಿತ್ತು. ನಾನೇ ಅದನ್ನು ತೆಗೆಯುವ ರಾಶಿಗೆ ಇಟ್ಟೆ.

ವಿಜ್ಞಾನದ ಟೀಚರ್ ಅದನ್ನು ರಾಶಿಯಿಂದ ಎತ್ತಿಕೊಂಡರು. "ಇದನ್ನ ತೆಗೆಯೋದು ಬೇಡ ಮೇಡಂ. ಮುಂದಿನ ವರ್ಷದ ಮಕ್ಕಳಿಗೂ ಇದನ್ನ ತೋರಿಸ್ಬೇಕು" ಅಂದರು. 2011ರ ಪುಸ್ತಕವನ್ನು ಹುಡುಕಿ, ಎರಡನ್ನೂ ಒಂದೇ ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟಿ, ನನ್ನ ಮೇಜಿನ ಮೇಲಿಟ್ಟರು.

ನಮಸ್ಕಾರ.