ಬೀಳೋ ಹಲ್ಲು ತಾನೇ?

ಕೇಳುಗರೇ, ನಮಸ್ಕಾರ.

ನಾನು ಹಲ್ಲಿನ ಡಾಕ್ಟರು. ಪಾವಗಡದ ಕಡೆಯ ಹಳ್ಳಿಗಳಲ್ಲಿ ಓಡಾಡುತ್ತೇನೆ. ಶಾಲೆಯ ಜಗಲಿ, ಅಂಗನವಾಡಿ, ಕೆಲವು ಸಲ ಅರಳಿಕಟ್ಟೆ, ಇವೇ ನನ್ನ ಆಸ್ಪತ್ರೆ. ಮಕ್ಕಳಿಗೆ ನಾನು 'ಹಲ್ಲು ಡಾಕ್ಟ್ರಮ್ಮ'. ಹಲ್ಲು ಕೀಳಲ್ಲ ಅಂತ ಆಣೆ ಮಾಡಿಸಿಕೊಂಡೇ ಬಾಯಿ ತೆರೆಯುತ್ತಾರೆ.

ಒಮ್ಮೆ ಒಬ್ಬ ಅಜ್ಜಿ ನಾಲ್ಕು ವರ್ಷದ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. ಹುಡುಗನ ಕೆನ್ನೆ ಊದಿತ್ತು. ಮೂರು ರಾತ್ರಿ ನಿದ್ದೆಯಿಲ್ಲ. "ಹೊಗೆ ಹಾಕ್ಸಿ ಹುಳ ಉದುರಿಸಿದ್ವಿ ಕಣಮ್ಮಾ, ಆದ್ರೂ ನೋವು ಹೋಗ್ಲಿಲ್ಲ" ಅಂದರು. ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ ಬಾಯಿಗೆ ಹೊಗೆ ಹಿಡಿಸುವುದು ನಿಮಗೂ ಗೊತ್ತಿರಬಹುದು. ಆಮೇಲೆ ಬಿಳಿ ಎಳೆಯಂಥದು ತೋರಿಸುತ್ತಾರೆ. ಅದು ಹುಳ ಅಲ್ಲ, ಬೀಜದೊಳಗಿನ ಮೊಳಕೆ. ಹಲ್ಲಿನಲ್ಲಿ ಹುಳ ಇರುವುದೇ ಇಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರುತ್ತವೆ. ನಾವು ತಿಂದ ಸಿಹಿಯನ್ನು ಅವೂ ತಿನ್ನುತ್ತವೆ, ಹುಳಿ ಬಿಡುತ್ತವೆ. ಆ ಹುಳಿ ಹಲ್ಲನ್ನು ಕರಗಿಸುತ್ತದೆ.

"ಮೊದಲೇ ಯಾಕಜ್ಜಿ ಬರಲಿಲ್ಲ?" ಅಂತ ಕೇಳಿದೆ. "ಬೀಳೋ ಹಲ್ಲು ತಾನೇ ಅಂತ ಬಿಟ್ವಿ" ಅಂದರು.

ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಓದಿದವರ ಮನೆಯಲ್ಲೂ ಕೇಳಿದ್ದೇನೆ. ಹಾಲುಹಲ್ಲು ಬೀಳುತ್ತದೆ, ನಿಜ. ಆದರೆ ಯಾವಾಗ? ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ. ಅಗಿಯುವ ಹಿಂದಿನ ಹಲ್ಲುಗಳು ಬೀಳುವ ಹೊತ್ತಿಗೆ ಮಗುವಿಗೆ 10ರಿಂದ 12 ವರ್ಷ. ನಾಲ್ಕಕ್ಕೇ ಹುಳುಕಾದರೆ ಇನ್ನೂ ಆರೇಳು ವರ್ಷ ಮುದ್ದೆ ನುಂಗಬೇಕು, ಕಡ್ಲೆಕಾಯಿ ಅಗಿಯಬೇಕು, ಪಾಠ ಕೇಳಬೇಕು. ಹಲ್ಲುನೋವು ಇಟ್ಟುಕೊಂಡು ಮಗ್ಗಿ ಹೇಳೋಕಾಗುತ್ತಾ?

ಇನ್ನೊಂದು ವಿಷಯ. ಹಾಲುಹಲ್ಲು ಬಸ್ಸಿನ ಸೀಟಿಗೆ ಹಾಕಿದ ಟವೆಲ್ ಇದ್ದ ಹಾಗೆ. ಮುಂದೆ ಬರುವವನಿಗೆ ಜಾಗ ಹಿಡಿದಿರುತ್ತದೆ. ಅದು ಬೇಗ ಹೋದರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ಒತ್ತರಿಸುತ್ತವೆ. ಹೊಸ ಹಲ್ಲು ಬಂದಾಗ ಜಾಗ ಸಾಲದೆ ಸೊಟ್ಟಗೆ ನಿಲ್ಲುತ್ತದೆ.

ಸರಿ, ಅಂಗಡಿ ಬಿಸ್ಕತ್ತಿಗೆ ಬರೋಣ. ಐದು ರೂಪಾಯಿಯ ಕ್ರೀಮ್ ಬಿಸ್ಕತ್ತಿನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೆ ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದು ಮುಖ್ಯ. ಒಂದು ಸಲ ಸಿಹಿ ತಿಂದರೆ ಬಾಯಿಯ ಹುಳಿಯನ್ನು ಎಂಜಲು ತೊಳೆಯಲು ಸುಮಾರು ಅರ್ಧ ಗಂಟೆ ಬೇಕು. ಗಂಟೆಗೊಂದು ಬಿಸ್ಕತ್ತು ಕೊಟ್ಟರೆ ಎಂಜಲಿಗೆ ಬಿಡುವೆಲ್ಲಿ? ಹೋಳಿಗೆಯನ್ನು ಊಟದ ಜೊತೆ ತಿಂದರೆ ನನ್ನ ತಕರಾರಿಲ್ಲ. ಸಕ್ಕರೆ ಹಾಲಿನ ಬಾಟ್ಲಿ ಬಾಯಲ್ಲಿಟ್ಟೇ ಮಲಗಿಸುವುದು ಮಾತ್ರ ಬೇಡವೇ ಬೇಡ. ನಿದ್ದೆಯಲ್ಲಿ ಎಂಜಲು ಕಮ್ಮಿ, ಹಾಲು ರಾತ್ರಿಯೆಲ್ಲ ಹಲ್ಲಿಗೇ ಅಂಟಿರುತ್ತದೆ.

ನಮ್ಮ ಕಡೆ ನೀರಿನ ಕಥೆ ಬೇರೆ. ಕೊಳವೆಬಾವಿ ಆಳಕ್ಕೆ ಹೋದಂತೆ ನೀರಿನಲ್ಲಿ ಫ್ಲೋರೈಡ್ ಅನ್ನುವ ಲವಣದ ಅಂಶ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಆಗದು ಅಂತ ನಮ್ಮ ದೇಶದ ಮಾನದಂಡವಿದೆ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಪಟ್ಟೆ. ಕೆಲವು ಹೆಣ್ಣುಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಇಟ್ಟಿಗೆ ಪುಡಿ, ಇದ್ದಿಲಿನಿಂದ ಉಜ್ಜುವವರೂ ಇದ್ದಾರೆ. ಉಜ್ಜಿದರೆ ಹಲ್ಲು ಸವೆಯುತ್ತದೆ, ಪಟ್ಟೆ ಹೋಗುವುದಿಲ್ಲ. ಹಲ್ಲು ಒಸಡಿನ ಒಳಗೆ ತಯಾರಾಗುವಾಗಲೇ ಅದು ಸೇರಿಕೊಂಡಿರುತ್ತದೆ. ಹಾಗಾಗಿ ಹುಟ್ಟಿನಿಂದ ಎಂಟು ವರ್ಷದವರೆಗೆ ಮಗು ಯಾವ ನೀರು ಕುಡಿಯುತ್ತದೆ ಅನ್ನುವುದು ಬಹಳ ಮುಖ್ಯ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಮಗುವಿನ ಕುಡಿಯುವ ನೀರಿಗಾದರೂ ಶುದ್ಧ ನೀರಿನ ಘಟಕದ ಕ್ಯಾನ್ ತನ್ನಿ, ಅಥವಾ ಮಳೆನೀರು ಹಿಡಿದಿಡಿ.

"ಹಾಗಾದ್ರೆ ಫ್ಲೋರೈಡ್ ಪೇಸ್ಟ್ ಯಾಕೆ?" ಅಂತ ಒಬ್ಬ ಮೇಷ್ಟ್ರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಹಲ್ಲಿನ ಮೇಲೆ ಹಚ್ಚಿದ ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. ಹೊಟ್ಟೆಗೆ ಹೆಚ್ಚು ಹೋದದ್ದು ಕೆಡಿಸುತ್ತದೆ. ಆದ್ದರಿಂದ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಪೇಸ್ಟ್ ಸಾಕು. ಉಗುಳಿಸಿ. ಟಿ.ವಿ. ಜಾಹೀರಾತಿನ ಹಾಗೆ ಬ್ರಷ್ ತುಂಬಾ ಹಾಕಬೇಡಿ.

ಚಿಕಿತ್ಸೆಯೂ ಈಗ ಮೊದಲಿನಷ್ಟು ಭಯದ್ದಲ್ಲ. ಕೈ ಉಪಕರಣದಲ್ಲೇ ಹುಳುಕು ಕೆರೆದು ತೆಗೆದು ಸಿಮೆಂಟ್ ತುಂಬುವ ವಿಧಾನವೊಂದಿದೆ. 1980ರ ದಶಕದಲ್ಲಿ ಆಫ್ರಿಕಾದ ತಾಂಜಾನಿಯಾದಲ್ಲಿ ಶುರುವಾದದ್ದು. ಡ್ರಿಲ್ ಬೇಡ, ಕರೆಂಟ್ ಬೇಡ. ನಮ್ಮ ಕಡೆ ಕರೆಂಟಿನ ಪಾಡು ಗೊತ್ತಲ್ಲ, ನನಗಂತೂ ಅದೇ ಆಧಾರ. ಇನ್ನೊಂದು ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನುವ ದ್ರವ. ಕುಂಚದಲ್ಲಿ ಒಂದು ಹನಿ ಹಚ್ಚಿದರೆ ಹುಳುಕು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ನೋವಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಂದೇ ತೊಂದರೆ, ಹುಳುಕಾದ ಜಾಗ ಕಪ್ಪಾಗುತ್ತದೆ. "ಹೆಣ್ಮಗು ಡಾಕ್ಟ್ರೇ, ಮುಂದಿನ ಹಲ್ಲಿಗೆ ಬೇಡ" ಅನ್ನುತ್ತಾರೆ ತಾಯಂದಿರು. ಅವರ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಹಿಂದಿನ ಹಲ್ಲಿಗೆ ಅದನ್ನು ಹಚ್ಚಿ, ಮುಂದಿನದಕ್ಕೆ ಬೇರೆ ದಾರಿ ನೋಡುತ್ತೇನೆ.

ಒಂಬತ್ತು ವರ್ಷದ ಹುಡುಗಿಯೊಬ್ಬಳ ದವಡೆ ಹಲ್ಲು ಕೀಳಲೇಬೇಕಾಯಿತು. ಉಳಿಸುವ ಹಂತ ದಾಟಿತ್ತು. ಅವಳು ಅದನ್ನು ಕಾಗದದಲ್ಲಿ ಕಟ್ಟಿಸಿಕೊಂಡಳು. ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯಬೇಕಂತೆ, ಹೊಸದು ಬರುತ್ತದಂತೆ. ಅದು ಹಾಲುಹಲ್ಲಲ್ಲ, ಮತ್ತೆ ಬರುವುದಿಲ್ಲ ಅಂತ ಆ ಹೊತ್ತಿಗೆ ನನ್ನ ಬಾಯಿಂದ ಬರಲಿಲ್ಲ.

ಆ ಹಲ್ಲು ಸುಮಾರು ಆರು ವರ್ಷಕ್ಕೆ ಸದ್ದಿಲ್ಲದೆ ಬರುತ್ತದೆ. ಅದು ಬರುವ ಜಾಗದಲ್ಲಿ ಮೊದಲು ಯಾವ ಹಲ್ಲೂ ಬಿದ್ದಿರುವುದಿಲ್ಲ, ಅದಕ್ಕೇ ಎಲ್ಲರೂ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಮನೆಯಲ್ಲಿ ಆರೇಳು ವರ್ಷದ ಮಗುವಿದ್ದರೆ ಇವತ್ತು ಮೊಬೈಲ್ ಟಾರ್ಚ್ ಹಿಡಿದು ಬಾಯಿ ನೋಡಿ. ನಟ್ಟನಡುವಿನಿಂದ ಒಂದು ಪಕ್ಕಕ್ಕೆ ಎಣಿಸುತ್ತಾ ಹೋಗಿ. ಐದರವರೆಗೆ ಹಾಲುಹಲ್ಲಿನ ಜಾಗ. ಅದರ ಹಿಂದೆ ಆರನೆಯದು ಕಂಡರೆ, ಅದು ಬೀಳೋ ಹಲ್ಲಲ್ಲ.

ನಮಸ್ಕಾರ.