ಮೊದಲು ಲೋಟ ನೋಡಿ

ಕೇಳುಗರಿಗೆ ನಮಸ್ಕಾರ. ಮಗು ಮಿತಿಮೀರಿ ದಪ್ಪಗಾದಾಗ ತಂದೆತಾಯಿ ಕೇಳುವ ಮೊದಲ ಪ್ರಶ್ನೆ, "ಊಟದಲ್ಲಿ ಏನು ಕಡಿಮೆ ಮಾಡೋಣ?" ತಟ್ಟೆಯ ವಿಚಾರ ಆಮೇಲಿರಲಿ, ಮೊದಲು ಲೋಟ ನೋಡಿ. 330 ಮಿಲಿಲೀಟರಿನ ಒಂದು ಡಬ್ಬಿ ತಂಪುಪಾನೀಯದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಹೆಚ್ಚುಕಡಿಮೆ ಒಂಬತ್ತು ಟೀ ಚಮಚ! ಮಗುವಿಗೆ ಮೇಲಿಂದ ಸೇರಿಸಿದ ಸಕ್ಕರೆ ಇಡೀ ದಿನಕ್ಕೆ 25 ಗ್ರಾಂ ಮೀರಬಾರದು. ಎರಡು ವರ್ಷದೊಳಗಿನ ಕೂಸಿಗಂತೂ ಬೇಡವೇ ಬೇಡ.

ನೆದರ್ಲೆಂಡ್ಸ್‌ನಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆ ಹೇಳಲೇಬೇಕು. ಅದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಸಿಹಿ ಪಾನೀಯ ಕುಡಿಯುವ ರೂಢಿಯಿದ್ದ 641 ಮಕ್ಕಳು. ಹೆಚ್ಚಿನವರದು ಸಾಮಾನ್ಯ ತೂಕವೇ. ಎಲ್ಲರಿಗೂ ದಿನಕ್ಕೊಂದು ಡಬ್ಬಿ, 250 ಮಿಲಿಲೀಟರ್. ಕೆಲವರದ್ದರಲ್ಲಿ ಸಕ್ಕರೆ, ಉಳಿದವರದ್ದರಲ್ಲಿ ಕ್ಯಾಲೊರಿಯಿಲ್ಲದ ಸಿಹಿ. ಯಾರಿಗೆ ಯಾವುದು ಸಿಕ್ಕಿತೆಂದು ಮಕ್ಕಳಿಗೆ ಹೇಳಲಿಲ್ಲ. ವ್ಯತ್ಯಾಸ ದಿನಕ್ಕೆ ಸುಮಾರು ನೂರು ಕ್ಯಾಲೊರಿ ಮಾತ್ರ. ಹದಿನೆಂಟು ತಿಂಗಳ ನಂತರ ತೂಗಿ ನೋಡಿದರೆ, ಸಕ್ಕರೆ ಕುಡಿದ ಮಕ್ಕಳ ತೂಕ ಸರಾಸರಿ ಒಂದು ಕಿಲೋ ಹೆಚ್ಚು ಏರಿತ್ತು. ಕೊಬ್ಬೂ ಹೆಚ್ಚಿತ್ತು. ದಿನಕ್ಕೆ ಒಂದೇ ಒಂದು ಡಬ್ಬಿಯಿಂದ! ಹಾಗೆಂದು ಕೃತಕ ಸಿಹಿ ಕೊಡಿ ಎನ್ನುತ್ತಿಲ್ಲ, ನೀರು ಕೊಡಿ.

ಕುಡಿದ ಸಕ್ಕರೆಯಿಂದ ಹೊಟ್ಟೆ ತುಂಬಿದಂತೆ ಅನ್ನಿಸುವುದಿಲ್ಲ, ಹಾಗಾಗಿ ಮಗು ಊಟ ಕಡಿಮೆ ಮಾಡುವುದೂ ಇಲ್ಲ. "ಹಣ್ಣಿನ ರಸ ಒಳ್ಳೆಯದಲ್ಲವೇ?" ಎಂದು ದಯವಿಟ್ಟು ಮತ್ತೆ ಕೇಳಬೇಡಿ. ರಸದಲ್ಲೂ ಸಕ್ಕರೆ ಹೆಚ್ಚುಕಡಿಮೆ ಅಷ್ಟೇ. ಹಣ್ಣನ್ನು ಅಗಿದು ತಿನ್ನಲಿ.

ಹೆಚ್ಚಾದ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿಸಿ ತನ್ನಲ್ಲೇ ತುಂಬಿಕೊಳ್ಳುತ್ತದೆ. ಆಮೇಲೆ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಮಾತು ನಡೆಯುವುದಿಲ್ಲ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ, ಮಂದವಾಗಿ ಕಂಡರೆ ಉಜ್ಜಿ ತೊಳೆಯಬೇಡಿ, ಅದು ಕೊಳೆಯಲ್ಲ. ಬಹಳ ಸಲ ಅದು ಇನ್ಸುಲಿನ್ ಸೋಲುತ್ತಿರುವ ಗುರುತು. ರಕ್ತದ ಸಕ್ಕರೆ, ರಕ್ತದೊತ್ತಡ, ಯಕೃತ್ತು ಮೂರನ್ನೂ ಪರೀಕ್ಷೆ ಮಾಡಿಸಿ.

ಸಮಯ ಮುಗಿಯುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ರಾತ್ರಿ ಗೊರಕೆ ಹೊಡೆದು ಹಗಲು ತೂಕಡಿಸುವ ಮಗುವನ್ನು ವೈದ್ಯರಿಗೆ ತೋರಿಸಿ. ದಪ್ಪಗಿರುವ ಹದಿವಯಸ್ಸಿನವರು ಮಂಡಿನೋವೆಂದು ಕುಂಟಿದರೆ ಸೊಂಟದ ಕೀಲಿನ ಎಕ್ಸ್‌ರೇ ಬೇಕು, ಅದೂ ತಡಮಾಡದೆ, ಅಲ್ಲಿನ ಮೂಳೆ ಜಾರಿರಬಹುದು. ದಿನಕ್ಕೆ ಒಂದು ಗಂಟೆ ಓಡಾಡಿ ಆಡಲಿ. ಆರರಿಂದ ಹನ್ನೆರಡು ವರ್ಷದವರಿಗೆ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು. ಮಗುವನ್ನು ಉಪವಾಸ ಕೆಡವಬೇಡಿ. ಬೆಳೆಯುವ ಎಷ್ಟೋ ಮಕ್ಕಳಿಗೆ ತೂಕ ಇಳಿಯಲೇಬೇಕೆಂದಿಲ್ಲ, ಏರದೆ ನಿಂತರೂ ಸಾಕು, ಎತ್ತರ ಬಂದು ಹೊಂದಿಸುತ್ತದೆ. ಇವತ್ತು ರಾತ್ರಿಯ ಊಟಕ್ಕೇ ಮಗುವಿನ ಮುಂದೆ ನೀರಿನ ಲೋಟ ಇಡಿ, ಮನೆಮಂದಿಯೆಲ್ಲ ಅದನ್ನೇ ಕುಡಿಯಿರಿ. ನಮಸ್ಕಾರ.